ಭಾನುವಾರ ದೂರ ಸೈಕಲ್ ತುಳಿಯುವವರು ದಿನನಿತ್ಯ ಹೇಗೆ ಉಣ್ಣಬೇಕು?

ಪ್ರಶ್ನೆ (ವಿಜಯನಗರದಿಂದ):
ನನಗೆ 41 ವರ್ಷ. ವಾರದಲ್ಲಿ ಮೂರು ದಿನ ಬೆಳಿಗ್ಗೆ ಒಂದು ಗಂಟೆ, ಭಾನುವಾರ ಗೆಳೆಯರೊಡನೆ ಬಹಳ ದೂರ ಸೈಕಲ್ ತುಳಿಯುತ್ತೇನೆ. ಕಳೆದ ಭಾನುವಾರ ಬರೀ ಕಾಫಿ ಕುಡಿದು ಹೊರಟಿದ್ದೆ. ನಂದಿಬೆಟ್ಟದ ಏರಿನ ನಡುವೆ ಕೈ ನಡುಗಿ, ಕಣ್ಣು ಮಂಜಾಗಿ, ರಸ್ತೆಯ ಬದಿಯಲ್ಲಿ ಕುಳಿತುಬಿಟ್ಟೆ. ಗೆಳೆಯರು ಕೊಟ್ಟ ಒಂದು ತುಂಡು ಬೆಲ್ಲ ಕರಗಿದ ಸ್ವಲ್ಪ ಹೊತ್ತಿಗೆ ಹೋದ ಜೀವ ಬಂದಂತಾಯಿತು. ಇಷ್ಟು ತುಳಿದರೂ ಆರು ತಿಂಗಳಲ್ಲಿ ತೂಕ 2 ಕೆ.ಜಿ. ಏರಿದೆ. ಮನೆಯ ಅಡುಗೆಯಲ್ಲಿಯೇ ಇದಕ್ಕೆ ದಾರಿಯಿದ್ದರೆ ದಯವಿಟ್ಟು ತಿಳಿಸಿ.

ಉತ್ತರ (ಜಯನಗರದಿಂದ):
ರಾತ್ರಿಯ ನಿದ್ದೆಯ ಹೊತ್ತಿನಲ್ಲಿ ಯಕೃತ್ತಿನಲ್ಲಿರುವ ಗ್ಲೈಕೋಜನ್ (ದೇಹ ಕೂಡಿಟ್ಟುಕೊಂಡ ಸಕ್ಕರೆ) ಬಹುಪಾಲು ಖರ್ಚಾಗಿರುತ್ತದೆ. ಬರಿಹೊಟ್ಟೆಯಲ್ಲಿ ಎರಡು ಗಂಟೆ ತುಳಿದ ಮೇಲೆ ಏರು ಎದುರಾದರೆ, ಸ್ನಾಯುಗಳು ಕೇಳುವಷ್ಟು ಸಕ್ಕರೆಯನ್ನು ರಕ್ತ ಒದಗಿಸಲಾರದೆ ನಿಮಗಾದಂತೆಯೇ ಆಗುತ್ತದೆ. ಆದ್ದರಿಂದ ಭಾನುವಾರ ಹೊರಡುವುದಕ್ಕೆ ಒಂದು ಗಂಟೆ ಮೊದಲು ಎರಡು ಇಡ್ಲಿ ತಿನ್ನಿ. ಮೊಳಕೆಕಾಳು, ಸೊಪ್ಪಿನ ಪಲ್ಯದಂಥ ನಾರಿನ ಪದಾರ್ಥಗಳು ಒಳ್ಳೆಯವೇ ಆದರೂ ಆ ಹೊತ್ತಿಗೆ ಹೊಟ್ಟೆಗೆ ಭಾರ. ಸವಾರಿ ಒಂದೂವರೆ ಗಂಟೆ ಮೀರುವುದಾದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಎರಡು ಏಲಕ್ಕಿ ಬಾಳೆಹಣ್ಣು, ಒಂದು ಕಡಲೆಕಾಯಿ ಚಿಕ್ಕಿ ಅದಕ್ಕೆ ಸಾಕಾಗುತ್ತವೆ. ಹಸಿವು ಕಾಣಿಸಿಕೊಳ್ಳುವ ಮೊದಲೇ ತಿನ್ನುವುದು ಮುಖ್ಯ. ಒಂದು ಗಂಟೆಯ ಸವಾರಿಗಾದರೆ ಇದಾವುದೂ ಬೇಡ, ನೀರು ಸಾಕು.

ಉತ್ತರ (ಯಲಹಂಕದಿಂದ):
ತೂಕದ ವಿಷಯದಲ್ಲಿ ನನ್ನ ಅನುಭವವನ್ನು ಹೇಳುತ್ತೇನೆ. ಸವಾರಿ ಮುಗಿಸಿ ದರ್ಶಿನಿಯ ಕಲ್ಲಿನ ಮೇಜಿನ ಮುಂದೆ ನಿಂತು ಮಸಾಲೆ ದೋಸೆ, ಉದ್ದಿನವಡೆ, ಮೇಲೊಂದು ಕೇಸರಿಬಾತ್ ತಿನ್ನುವುದು ನಮ್ಮ ಗುಂಪಿನ ಪದ್ಧತಿಯಾಗಿತ್ತು. ಒಂದು ಗಂಟೆ ಹದವಾಗಿ ತುಳಿದರೆ ಕರಗುವುದು ಸುಮಾರು 400 ಕ್ಯಾಲೊರಿ. ಆ ಒಂದು ತಟ್ಟೆಯಲ್ಲಿ ಅದಕ್ಕಿಂತ ಹೆಚ್ಚೇ ಮರಳಿ ಬರುತ್ತಿತ್ತು. ಈಗ ಉಪ್ಪು ಹಾಕಿದ ಮಜ್ಜಿಗೆ ಕುಡಿದು ಮನೆಗೆ ಬಂದು, ಮಧ್ಯಾಹ್ನ ರಾಗಿಮುದ್ದೆಯನ್ನು ಹುರುಳಿಕಾಳಿನ ಬಸ್ಸಾರಿನೊಡನೆ ಉಣ್ಣುತ್ತೇನೆ. ಬೆವರಿನಲ್ಲಿ ಹೋದ ಉಪ್ಪು ಮಜ್ಜಿಗೆಯಿಂದ, ಸ್ನಾಯುಗಳಿಗೆ ಬೇಕಾದ ಪ್ರೋಟೀನ್ ಕಾಳಿನಿಂದ ಸಿಗುತ್ತದೆ. ಸೈಕಲ್ ಸವಾರಿಯಲ್ಲಿ ದೇಹದ ಭಾರ ಸೀಟಿನ ಮೇಲಿರುವುದರಿಂದ ಓಟದಿಂದ ಆಗುವಷ್ಟು ಪ್ರಯೋಜನ ಮೂಳೆಗಳಿಗೆ ಆಗುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ನಮ್ಮಂಥವರು ಮುದ್ದೆಯನ್ನು ಬಿಡಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ (ಬಸವನಗುಡಿಯಿಂದ):
ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಮುಂದಿನ ಭಾನುವಾರಕ್ಕೆ ಮೊದಲೇ ನಿಮ್ಮ ವೈದ್ಯರನ್ನು ಕಂಡು, ಬೆಟ್ಟದಲ್ಲಿ ನಡೆದುದನ್ನು ಇದ್ದಂತೆಯೇ ಹೇಳಿ.