ವಾರಗಳ ಹಬ್ಬದಲ್ಲಿ ಕ್ರೈಸ್ತರು ಕಾಣಬಹುದಾದ ಅರ್ಥವೇನು?

ಪ್ರಶ್ನೆ: ಬೆಟಗೇರಿಯ ಸಭಿಕ

ಮಾನ್ಯರೇ, ನಮ್ಮ ಸಭೆಯ ಸುಗ್ಗಿ ಆರಾಧನೆಯಲ್ಲಿ ಬೈಬಲಿನ ಯಾಜಕಕಾಂಡದ 23ನೆಯ ಅಧ್ಯಾಯವನ್ನು ಕುರಿತು ಯುವಕರೊಡನೆ ಮಾತನಾಡುವ ಹೊಣೆ ಈ ಸಲ ನನಗೆ ಬಂದಿದೆ. ಪ್ರಥಮಫಲದ ಸಿವುಡನ್ನು ನಿವಾಳಿಸಿದ ದಿನದಿಂದ ಎಣಿಸಿ ಐವತ್ತನೆಯ ದಿನ ಆಚರಿಸುವ ವಾರಗಳ ಹಬ್ಬವೇ ಅಪೊಸ್ತಲರ ಕೃತ್ಯಗಳಲ್ಲಿ ಬರುವ ಪಂಚಾಶತ್ತಮ ದಿನವೆಂಬುದು ಗೊತ್ತಿದೆ. ಆದರೆ ಪವಿತ್ರಾತ್ಮನು ಇಳಿದು ಬಂದ ಮೇಲೆ ಆ ದಿನಕ್ಕೂ ಬೆಳೆಗೂ ಸಂಬಂಧವೇ ಉಳಿಯಲಿಲ್ಲವೆಂದು ಸಭೆಯ ಹಿರಿಯರೊಬ್ಬರು ಹೇಳುತ್ತಾರೆ. ಯೆಹೂದ್ಯರ ಬೆಳೆಹಬ್ಬದಲ್ಲಿ ನಾವು ಕ್ರೈಸ್ತ ಅರ್ಥವನ್ನು ಅರಸುವುದು ಸರಿಯೇ? ಸರಿಯಾದರೆ ಎಲ್ಲಿಂದ ಆರಂಭಿಸಬೇಕು?

ಉತ್ತರ: ಧಾರವಾಡದ ಉಪದೇಶಕ

ಸಹೋದರರೇ, ಹಿರಿಯರ ಮೇಲಿನ ಗೌರವವನ್ನು ಉಳಿಸಿಕೊಂಡೇ ಹೇಳುವುದಾದರೆ, ಬೆಳೆಯ ಮಾತನ್ನು ಬಿಟ್ಟರೆ ಅಪೊಸ್ತಲ ಪೌಲನ ವಾದವೇ ನಿಲ್ಲುವುದಿಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯದಲ್ಲಿ ಅವನು ಪುನರುತ್ಥಾನಗೊಂಡ ಕ್ರಿಸ್ತನನ್ನು ಸತ್ತವರಲ್ಲಿ ಪ್ರಥಮಫಲವೆಂದು ಕರೆಯುತ್ತಾನೆ. ಮೊದಲ ಸಿವುಡು ಕೈಗೆ ಬಂದಿತೆಂದರೆ ಹೊಲದಲ್ಲಿ ಉಳಿದ ಪೈರೂ ಹಣ್ಣಾಗುತ್ತಿದೆ ಎಂದರ್ಥ. ಹಾಗೆಯೇ ಕ್ರಿಸ್ತನು ಎದ್ದದ್ದು ಅವನೊಬ್ಬನಿಗೇ ಮುಗಿಯುವ ಘಟನೆಯಾಗದೆ, ಮುಂದೆ ಎಲ್ಲರನ್ನೂ ಒಳಗೊಳ್ಳುವ ಕೊಯ್ಲಿನ ಮೊದಲಾಗುತ್ತದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಪವಿತ್ರಾತ್ಮನ ವಿಷಯದಲ್ಲಿಯೂ ಅವನು ಪ್ರಥಮಫಲದ ಮಾತನ್ನೇ ಬಳಸಿದ್ದಾನೆ.

ಆದರೆ ಒಂದು ಎಚ್ಚರಿಕೆ ಬೇಕು. ಸಿವುಡನ್ನು ನಿವಾಳಿಸುತ್ತಿದ್ದದ್ದು ಭಾನುವಾರವೇ, ಕ್ರಿಸ್ತನು ಎದ್ದದ್ದೂ ಅದೇ ದಿನವೆಂದು ಕೆಲವರು ಖಂಡಿತವಾಗಿ ಸಾರುತ್ತಾರೆ. ಯಾಜಕಕಾಂಡ ಹೇಳುವ ‘ಸಬ್ಬತ್ತಿನ ಮರುದಿನ’ ಎಂದರೆ ವಾರದ ಸಬ್ಬತ್ತಾದ ಶನಿವಾರದ ಮರುದಿನವೋ ಪಸ್ಕಹಬ್ಬದ ಮೊದಲ ದಿನದ ಮರುದಿನವೋ ಎಂಬ ಬಗ್ಗೆ ಯೆಹೂದ್ಯರಲ್ಲಿಯೇ ಹಿಂದೆ ವಿವಾದವಿತ್ತು. ಇಂದಿನ ಯೆಹೂದ್ಯರು ಎರಡನೆಯ ಕ್ರಮದಂತೆ, ಪಸ್ಕಹಬ್ಬ ಬರುವ ನೀಸಾನ್ ತಿಂಗಳ 16ರಿಂದ ಎಣಿಸುತ್ತಾರೆ.

ಉತ್ತರ: ಹುಬ್ಬಳ್ಳಿಯಿಂದ, ಇತಿಹಾಸದ ನಿವೃತ್ತ ಅಧ್ಯಾಪಕಿ

ಉಪದೇಶಕರ ಮಾತಿಗೆ ನನ್ನದೊಂದು ಸೇರ್ಪಡೆ. ಆ ಹಬ್ಬದ ಯೆಹೂದ್ಯ ಅರ್ಥ ಕಾಲ ಮುಗಿದು ಬಿದ್ದಿದೆ ಎಂಬ ಧಾಟಿ ನಮ್ಮ ಪ್ರಸಂಗಗಳಲ್ಲಿ ಇಣುಕುತ್ತದೆ, ಅದು ತಪ್ಪು. ಯೆಹೂದ್ಯರು ಅದನ್ನು ಸೀನಾಯಿ ಬೆಟ್ಟದಲ್ಲಿ ಧರ್ಮಶಾಸ್ತ್ರ ದೊರೆತ ದಿನವೆಂದು ಇಂದಿಗೂ ಆಚರಿಸುತ್ತಾರೆ. ಯಾಜಕಕಾಂಡದಲ್ಲಿ ಆ ಮಾತಿಲ್ಲ. ಅಲ್ಲಿರುವುದು ಹೊಸ ಬೆಳೆಯ ಅರ್ಪಣೆ ಮಾತ್ರ. ಅಂದರೆ ಬೆಳೆಹಬ್ಬಕ್ಕೆ ಇನ್ನೊಂದು ಅರ್ಥ ಕೂಡಿಸಿಕೊಳ್ಳುವ ಕೆಲಸವನ್ನು ಯೆಹೂದ್ಯರೂ ಮಾಡಿದ್ದಾರೆ, ಕ್ರೈಸ್ತರೂ ಮಾಡಿದ್ದಾರೆ.

ಆ ಹಬ್ಬದಲ್ಲಿ ಅರ್ಪಿಸಬೇಕೆಂದು ಅದೇ ಅಧ್ಯಾಯ ಹೇಳುವ, ಹುಳಿಹಿಟ್ಟಿನಿಂದ ಮಾಡಿದ ಎರಡು ರೊಟ್ಟಿಗಳು ಯೆಹೂದ್ಯರನ್ನೂ ಯೆಹೂದ್ಯರಲ್ಲದ ಅನ್ಯಜನರನ್ನೂ ಸೂಚಿಸುತ್ತವೆಂಬ ವ್ಯಾಖ್ಯಾನ ಸುಂದರವಾಗಿದೆ, ಆದರೆ ವಾಕ್ಯದಲ್ಲಿ ಅದಕ್ಕೆ ಆಧಾರವಿಲ್ಲ. ಯುವಕರಿಗೆ ಹೇಳುವಾಗ ಅದು ವ್ಯಾಖ್ಯಾನವೆಂದೇ ಹೇಳಿರಿ.

ಉತ್ತರ: ಗದಗ ಕಡೆಯ ಒಕ್ಕಲಿಗ

ಶರಣು. ನಾನು ಓದಿದವನಲ್ಲ, ಒಕ್ಕಲುತನದವನು. ಪಂಚಾಶತ್ತಮ ಬರುವ ಹೊತ್ತಿಗೆ ನಮ್ಮಲ್ಲಿ ಹೊಲ ಹರಗಿ ರೋಹಿಣಿ ಮಳೆಯ ದಾರಿ ನೋಡುತ್ತಿರುತ್ತೇವೆ. ಆದ್ದರಿಂದ ಯೆರೂಸಲೇಮಿನ ಗೋದಿ ಕೊಯ್ಲು ನಮ್ಮ ಪಂಚಾಂಗಕ್ಕೆ ಹೊಂದುವುದಿಲ್ಲ. ಹೊಂದುವುದು ಯಾಜಕಕಾಂಡದ ಅದೇ 23ನೆಯ ಅಧ್ಯಾಯದ 22ನೆಯ ವಚನ: ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಕೊಯ್ದ ಮೇಲೆ ಉಳಿದ ಹಕ್ಕಲನ್ನು ಆರಿಸಬೇಡ, ಬಡವನಿಗೂ ಪರದೇಶಿಗೂ ಬಿಡು. ಹಬ್ಬದ ವಿಧಿಗಳು ಮುಗಿಯುತ್ತಿದ್ದಂತೆಯೇ ಈ ಆಜ್ಞೆ ಬರುತ್ತದೆ.

ಯೆಹೂದ್ಯರು ಈ ಹಬ್ಬದಲ್ಲಿ ರೂತಳ ಕಥೆಯನ್ನು ಓದುತ್ತಾರೆಂದು ಕೇಳಿದ್ದೇನೆ. ಮೋವಾಬಿನ ವಿಧವೆಯೊಬ್ಬಳು ಜವೆಗೋದಿಯ ಸುಗ್ಗಿಯಿಂದ ಗೋದಿಯ ಸುಗ್ಗಿಯವರೆಗೆ ಬೋವಜನ ಹೊಲದಲ್ಲಿ ಹಕ್ಕಲಾಯ್ದು ಅತ್ತೆಯನ್ನು ಸಾಕಿದಳು. ಮುಂದೆ ಅವಳ ಹೆಸರು ದಾವೀದನ ವಂಶದಲ್ಲಿ ಸೇರಿ, ಮತ್ತಾಯನು ಬರೆದ ಯೇಸುವಿನ ವಂಶಾವಳಿಯಲ್ಲಿಯೂ ಬಂದಿತು. ಕ್ರೈಸ್ತ ಅರ್ಥ ಬೇಕೆನ್ನುವವರಿಗೆ ಇದಕ್ಕಿಂತ ಹತ್ತಿರದ ದಾರಿ ನನಗೆ ಕಾಣುವುದಿಲ್ಲ.

ನಮ್ಮ ಊರಿನಲ್ಲಿ ಶೇಂಗಾ ಕಿತ್ತು ಸಾಗಿಸಿದ ಮೇಲೆ ಹೆಣ್ಣುಮಕ್ಕಳು ಕುರ್ಚಿಗಿಯಿಂದ ಮಣ್ಣು ಕೆದರಿ ಉಳಿದ ಕಾಯಿಗಳನ್ನು ಉಡಿಯಲ್ಲಿ ತುಂಬಿಕೊಳ್ಳುತ್ತಾರೆ. ಕೆಲವು ಮಾಲೀಕರು ಈಗ ಅವರನ್ನು ಬದುವಿನಲ್ಲಿಯೇ ತಡೆಯುತ್ತಾರೆ, ಅವರಲ್ಲಿ ಸಭೆಗೆ ಬರುವವರೂ ಇದ್ದಾರೆ. ಸುಗ್ಗಿ ಆರಾಧನೆಯ ದಿನ ಈ ಮಾಲೀಕರೇ ವೇದಿಕೆಯ ಮುಂದೆ ಜೋಳದ ತೆನೆ, ಮೆಣಸಿನಕಾಯಿ, ಕುಂಬಳಕಾಯಿ ಇಟ್ಟು, ಲಿಲಾವಿನಲ್ಲಿ ಒಂದು ತೆಂಗಿನಕಾಯಿಗೆ ಪೈಪೋಟಿಯಿಂದ ದರ ಏರಿಸುತ್ತಾರೆ. ತಾವು ಯುವಕರಿಗೆ 22ನೆಯ ವಚನವನ್ನು ಗಟ್ಟಿಯಾಗಿ ಓದಿಸಿ, ಲಿಲಾವಿನ ಹಣದಲ್ಲಿ ಒಂದು ಪಾಲು ಊರಿನ ಕೂಲಿಕಾರರಿಗೆ, ಅವರು ಯಾವ ಜಾತಿ ಧರ್ಮದವರಾದರೂ ಸರಿ, ಸಲ್ಲಬೇಕೆಂದು ಸಭಾಪಾಲಕರ ಎದುರಿನಲ್ಲಿಯೇ ಕೇಳಿರಿ.