ಕಾರ್ಲೈಲ್ ನಗರಕ್ಕೆ ಒಂದು ದಿನ ಸಾಕಾಗುವುದೇ?

ಪ್ರಶ್ನೆ:
ಸ್ಕಾಟ್ಲೆಂಡಿನ ಗಡಿಗೆ ಅಂಟಿಕೊಂಡಂತಿರುವ ಇಂಗ್ಲೆಂಡಿನ ಕಾರ್ಲೈಲ್ ನಗರಕ್ಕೆ ಈ ಬೇಸಿಗೆಯಲ್ಲಿ ತಂದೆತಾಯಿಯರೊಂದಿಗೆ ಹೋಗಬೇಕೆಂದಿದ್ದೇನೆ. ಕೈಯಲ್ಲಿರುವುದು ಒಂದೇ ದಿನ. ತಂದೆಯವರಿಗೆ ಇತಿಹಾಸವೆಂದರೆ ಪ್ರಾಣ, ಆದರೆ ಮೆಟ್ಟಿಲು ಹತ್ತಲಾಗುವುದಿಲ್ಲ. ಕೋಟೆ, ಕೆಥೀಡ್ರಲ್ (ಬಿಷಪ್ಪರ ಪ್ರಧಾನ ಚರ್ಚು), ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆ ಮೂರನ್ನೂ ನೋಡಲು ಸಾಧ್ಯವೇ?

ಉತ್ತರ 1:
ಕೋಟೆಯನ್ನು ಬಿಡಬೇಡಿ. 1092ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ವಿಲಿಯಂ ಕಟ್ಟಲಾರಂಭಿಸಿದ ಈ ಕೋಟೆಯಲ್ಲಿಯೇ 1568ರಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಕಾವಲಿನಲ್ಲಿ ಇರಿಸಿದ್ದರು. 1745ರಲ್ಲಿ ಜಾಕೊಬೈಟ್ ಸೈನ್ಯ (ಪದಚ್ಯುತ ಸ್ಟುವರ್ಟ್ ರಾಜವಂಶದ ಬೆಂಬಲಿಗರ ಪಡೆ) ಇದನ್ನು ವಶಪಡಿಸಿಕೊಂಡರೂ ಆ ವರ್ಷ ಮುಗಿಯುವುದರೊಳಗೆ ಕಳೆದುಕೊಂಡಿತು. ನಡುಗೋಪುರದ ಮೇಲಂತಸ್ತಿನಲ್ಲಿ ಗೋಡೆಯ ಮೇಲೆ ಕೊರೆದ ಮಧ್ಯಯುಗದ ಚಿತ್ರಗಳಿವೆ. ಅಲ್ಲಿಗೆ ಮೆಟ್ಟಿಲುಗಳನ್ನು ಹತ್ತಿಯೇ ಹೋಗಬೇಕು. ನಿಮ್ಮ ತಂದೆಯವರು ಅಂಗಳದಲ್ಲಿಯೇ ಉಳಿಯುವುದು ಒಳ್ಳೆಯದು.

ಉತ್ತರ 2:
ನಾನಾದರೆ ಕೆಥೀಡ್ರಲ್ಲಿನಿಂದಲೇ ಆರಂಭಿಸುತ್ತೇನೆ. ಗಡಿನಾಡಿನ ಕಷ್ಟವೇನೆಂಬುದನ್ನು ಅದರಷ್ಟು ನೇರವಾಗಿ ತೋರಿಸುವ ಕಟ್ಟಡ ಆ ಊರಿನಲ್ಲಿ ಇನ್ನೊಂದಿಲ್ಲ. 1122ರಲ್ಲಿ ಮಠವಾಗಿ ಸ್ಥಾಪನೆಗೊಂಡು 1133ರಲ್ಲಿ ಕೆಥೀಡ್ರಲ್ ಆದ ಇದರ ಪಶ್ಚಿಮ ಭಾಗದ ಬಹುಪಾಲನ್ನು 1640ರ ದಶಕದ ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ ಸ್ಕಾಟ್ ಸೈನಿಕರು ಕೆಡವಿ, ಆ ಕಲ್ಲುಗಳನ್ನು ಕೋಟೆಕೊತ್ತಲಗಳ ದುರಸ್ತಿಗೆ ಬಳಸಿಕೊಂಡರು. ಆ ಭಾಗವನ್ನು ಮತ್ತೆ ಕಟ್ಟಲಿಲ್ಲವಾದ್ದರಿಂದ ಕಟ್ಟಡ ಇಂದಿಗೂ ಮೊಟಕಾಗಿಯೇ ನಿಂತಿದೆ. ಒಳಗೆ, ನೆಲ ಕುಸಿದು ಸೊಟ್ಟಗಾದ ನಾರ್ಮನ್ ಕಮಾನುಗಳನ್ನು ತಂದೆಯವರಿಗೆ ತೋರಿಸಿ. ಪೂರ್ವ ದಿಕ್ಕಿನಲ್ಲಿರುವ ಹದಿನಾಲ್ಕನೆಯ ಶತಮಾನದ ಕಿಟಕಿಯಲ್ಲಿ ಕಲ್ಲಿನ ಎಳೆಗಳು ಜ್ವಾಲೆಯಂತೆ ಬಳುಕುತ್ತವೆ. ನೀಲಿ ಹಿನ್ನೆಲೆಯಲ್ಲಿ ಚಿನ್ನದ ನಕ್ಷತ್ರಗಳಿರುವ ಮೇಲ್ಛಾವಣಿಯನ್ನು ಕುಳಿತೇ ನೋಡಬಹುದು. ಇಲ್ಲಿಗೆ ಅವಸರದಲ್ಲಿ ಹೋಗಬೇಡಿ.

ಉತ್ತರ 3:
ಗೋಡೆಯ ವಿಷಯದಲ್ಲಿ ಒಂದು ಮಾತು. ಕ್ರಿ.ಶ. 122ರಲ್ಲಿ ಆರಂಭವಾದ, ಸುಮಾರು 117 ಕಿಲೋಮೀಟರ್ ಉದ್ದದ ಆ ಗೋಡೆ ಈಡನ್ ನದಿಯ ಆಚೆ ದಡದಲ್ಲಿ ಸಾಗಿದ್ದರೂ ನಗರದೊಳಗೆ ನೆಲದ ಮೇಲೆ ಅದು ಕಾಣಸಿಗುವುದಿಲ್ಲ. ಎದ್ದು ನಿಂತ ಗೋಡೆಯನ್ನು ನೋಡಬೇಕಾದರೆ ಪೂರ್ವಕ್ಕಿರುವ ಬರ್ಡೋಸ್ವಾಲ್ಡ್ ರೋಮನ್ ಕೋಟೆಗೆ ಕಾರಿನಲ್ಲಿ ಹೋಗಿ. ದಾರಿಯಲ್ಲಿ ಸಿಗುವ ಲ್ಯಾನರ್‌ಕಾಸ್ಟ್ ಮಠವನ್ನು ಆ ಗೋಡೆಯ ಕಲ್ಲುಗಳನ್ನೇ ತಂದು ಕಟ್ಟಿದ್ದಾರೆ. ಕಾಯಿಲೆ ಬಿದ್ದಿದ್ದ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ 1306–07ರ ಚಳಿಗಾಲವನ್ನು ಅಲ್ಲಿ ಕಳೆದನು. ಸಮಯವಿಲ್ಲದಿದ್ದರೆ ನಗರದ ಟಲ್ಲಿ ವಸ್ತುಸಂಗ್ರಹಾಲಯದಲ್ಲಿ ರೋಮನ್ ಕಾಲದ ಶಿಲ್ಪ, ಶಾಸನಗಳನ್ನು ನೋಡಬಹುದು. ಅದು ಕೋಟೆ ಮತ್ತು ಕೆಥೀಡ್ರಲ್ ಎರಡಕ್ಕೂ ಹತ್ತಿರ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಬೆಳಿಗ್ಗೆ ಕೆಥೀಡ್ರಲ್ ಮತ್ತು ವಸ್ತುಸಂಗ್ರಹಾಲಯ, ಮಧ್ಯಾಹ್ನ ಕಾರಿನಲ್ಲಿ ಲ್ಯಾನರ್‌ಕಾಸ್ಟ್ ಹಾಗೂ ಬರ್ಡೋಸ್ವಾಲ್ಡ್ ಎಂದು ತೀರ್ಮಾನಿಸಿದ್ದೇವೆ. ಕೋಟೆಯನ್ನು ಹೊರಗಿನಿಂದಲೇ ನೋಡುತ್ತೇವೆ.