ಒಂದು ಬಿಲ್ಲೂ ತಪ್ಪಿಸಿಲ್ಲ, ಆದರೂ ಕಾರ್ಡ್ ಲಿಮಿಟ್ ಯಾಕೆ ಇಳಿಸಿದರು?

ಪ್ರಶ್ನೆ:
ಎಂಟು ವರ್ಷದಿಂದ ಒಂದೇ ಕಾರ್ಡ್ ಬಳಸುತ್ತಿದ್ದೇನೆ. ಒಂದು ಸಲವೂ ಬಿಲ್ ತಡ ಮಾಡಿಲ್ಲ. ಕಳೆದ ವಾರ ರಾತ್ರಿ ಒಂಬತ್ತೂವರೆಗೆ ಮೆಸೇಜ್ ಬಂತು, ಲಿಮಿಟ್ ಇಳಿಸಿದ್ದೇವೆ ಅಂತ. ಮೊದಲಿದ್ದದ್ದರ ಅರ್ಧವೂ ಉಳಿದಿಲ್ಲ. ನಮ್ಮ ಆಫೀಸಿನಲ್ಲಿ ಎರಡು ತಂಡಗಳನ್ನು ತೆಗೆದಿದ್ದಾರೆ. ನನ್ನ ಕೆಲಸ ಹೋದರೆ ಮೂರ್ನಾಲ್ಕು ತಿಂಗಳು ಈ ಕಾರ್ಡ್ ಮೇಲೇ ತಳ್ಳಬಹುದು ಅಂದುಕೊಂಡಿದ್ದೆ. ನಾನು ಮಾಡಿದ ತಪ್ಪಾದರೂ ಏನು?

ಉತ್ತರ 1:
ನನಗೂ ಹೀಗೇ ಆಯ್ತು. ಫೋನ್ ಮಾಡಿದರೆ 'ಆಂತರಿಕ ನೀತಿ' ಅಂದರು, ಅಷ್ಟೇ. ಸಿಟ್ಟಿನಲ್ಲಿ ಕಾರ್ಡ್ ವಾಪಸ್ ಕೊಟ್ಟುಬಿಡೋಣ ಅನ್ನಿಸಿದೆ.

ಉತ್ತರ 2:
ಇಬ್ಬರೂ ದಯವಿಟ್ಟು ಕಾರ್ಡ್ ಮುಚ್ಚಬೇಡಿ. ನಾನು ಹನ್ನೆರಡು ವರ್ಷ ಕಾರ್ಡ್ ಸಾಲದ ರಿಸ್ಕ್ ವಿಭಾಗದಲ್ಲಿ ಕೆಲಸ ಮಾಡಿದವಳು. ನಿಮ್ಮದು ಏನೂ ತಪ್ಪಿಲ್ಲ.

ಮನೆ ಸಾಲಕ್ಕೆ ಮನೆ ಅಡವಿರುತ್ತದೆ. ಕಾರ್ಡ್ ಸಾಲಕ್ಕೆ ಅಡವೇ ಇಲ್ಲ. ಮೇಲಾಗಿ ನೀವು ಬಳಸದೆ ಬಿಟ್ಟ ಲಿಮಿಟ್ ಇದೆಯಲ್ಲ, ಅದನ್ನು ಯಾವ ದಿನ ಬೇಕಾದರೂ ನೀವು ಎಳೆಯಬಹುದು. ಕೆಲಸ ಹೋದವರು ಬಿಲ್ ಕಟ್ಟುವುದನ್ನು ನಿಲ್ಲಿಸುವ ಮೊದಲು ಸಾಮಾನ್ಯವಾಗಿ ಲಿಮಿಟ್ ಪೂರ್ತಿ ಎಳೆದಿರುತ್ತಾರೆ. ನಾವು ತೆರೆಯ ಮೇಲೆ ಅದನ್ನು ನೋಡುತ್ತಿದ್ದೆವು. ವಿಮಾನದ ಟಿಕೆಟ್‌ಗೆ ಮಾತ್ರ ಬಳಕೆಯಾಗುತ್ತಿದ್ದ ಕಾರ್ಡಿನಲ್ಲಿ ದಿನಸಿ, ಔಷಧಿ ಶುರುವಾಗುತ್ತದೆ. ಆಮೇಲೆ ಅದೇ ಕಾರ್ಡಿನಿಂದ ನಗದು. ಪೂರ್ತಿ ಬಿಲ್ ಕಟ್ಟುತ್ತಿದ್ದವರು ಮಿನಿಮಮ್ ಡ್ಯೂಗೆ, ಅಂದರೆ ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತಕ್ಕೆ, ಇಳಿಯುತ್ತಾರೆ. ಅಲ್ಲಿಂದ ಒಂದನೇ ಬಕೆಟ್, ಅಂದರೆ ಗಡುವು ದಾಟಿ 30 ದಿನದೊಳಗಿನ ಬಾಕಿ. ನಂತರ ಎರಡು, ಮೂರು. ತಿಂಗಳ ಕೊನೆಗೆ ಒಂದು ಬಕೆಟ್‌ನಿಂದ ಮುಂದಿನದಕ್ಕೆ ಎಷ್ಟು ಜನ ಉರುಳಿದರು ಅನ್ನುವ ಪಟ್ಟಿ ಬರುತ್ತಿತ್ತು. ಅದನ್ನು ತೆರೆಯುವಾಗ ನನ್ನ ಹೊಟ್ಟೆ ಕಿವುಚುತ್ತಿತ್ತು, ಯಾಕೆಂದರೆ ಪ್ರತಿ ಸಾಲಿನ ಹಿಂದೆ ಒಂದು ಮನೆ ಇತ್ತು.

ಅಮೆರಿಕದಲ್ಲಿ 2008ರ ಕುಸಿತದ ನಂತರ ಬ್ಯಾಂಕುಗಳು ವಸೂಲಾಗದು ಅಂತ ಕೈಬಿಟ್ಟ ಕಾರ್ಡ್ ಸಾಲದ ವಾರ್ಷಿಕ ಪ್ರಮಾಣ 2010ರಲ್ಲಿ ಶೇ 10 ದಾಟಿತು. ಅದಕ್ಕೇ ಹಿಂಜರಿತದ ವಾಸನೆ ಬಂದ ಕೂಡಲೇ ಕಂಪನಿಗಳು ಮುಂದೆ ಆಗಬಹುದಾದ ನಷ್ಟಕ್ಕೆ ಹಣ ಎತ್ತಿಡುತ್ತವೆ, ಬಳಸದ ಲಿಮಿಟ್ ಕತ್ತರಿಸುತ್ತವೆ. ಯಾರ ಕೆಲಸ ಹೋಗುತ್ತದೆ ಅಂತ ಅವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ನಿಯತ್ತಿನವರಿಗೂ ಕತ್ತರಿ ಬೀಳುತ್ತದೆ. ಇದು ಅನ್ಯಾಯ ಅಂತಲೇ ನನಗೆ ಈಗಲೂ ಅನ್ನಿಸುತ್ತದೆ.

ಇನ್ನೊಂದು ಪೆಟ್ಟು ಇದೆ. 100ರ ಲಿಮಿಟ್‌ನಲ್ಲಿ 30 ಬಳಸಿದ್ದಿರಿ ಅನ್ನಿ. ಲಿಮಿಟ್ 40ಕ್ಕೆ ಇಳಿದರೆ ಅದೇ 30 ಈಗ ಶೇ 75. ನೀವು ಒಂದು ಪೈಸೆ ಜಾಸ್ತಿ ಖರ್ಚು ಮಾಡದಿದ್ದರೂ ಕ್ರೆಡಿಟ್ ಸ್ಕೋರ್ ಇಳಿಯಬಹುದು. ಕಾರ್ಡ್ ಮುಚ್ಚಿದರೆ ಇನ್ನೂ ಕೆಡಬಹುದು. ಬಳಕೆ ಕಡಿಮೆ ಕಾಣುವಂತೆ ಬಿಲ್ ತಯಾರಾಗುವ ದಿನಕ್ಕೆ ಮೊದಲೇ ಸ್ವಲ್ಪ ಕಟ್ಟಿಬಿಡಿ.

ಉತ್ತರ 3:
ಆದರೆ 2020ರಲ್ಲಿ ಕೋಟಿಗಟ್ಟಲೆ ಜನರ ಕೆಲಸ ಹೋಯ್ತಲ್ಲ, ಆಗ ಅಮೆರಿಕದಲ್ಲಿ ಕಾರ್ಡ್ ಬಾಕಿ ಕಡಿಮೆಯಾಯ್ತು ಅಂತ ಓದಿದ ನೆನಪು. ಹೇಗೆ?

ಉತ್ತರ 2:
ನಿಜ. ಸರ್ಕಾರ ನೇರವಾಗಿ ಜನರ ಕೈಗೆ ದುಡ್ಡು ಕೊಟ್ಟಿತು, ಬ್ಯಾಂಕುಗಳು ಕಂತು ಮುಂದೂಡಿದವು, ಹೊರಗೆ ಹೋಗಿ ಖರ್ಚು ಮಾಡಲೂ ದಾರಿ ಇರಲಿಲ್ಲ. ಜನ ಹಳೆ ಸಾಲ ತೀರಿಸಿದರು. ದಕ್ಷಿಣ ಕೊರಿಯಾದ್ದು ಇದಕ್ಕೆ ತದ್ವಿರುದ್ಧ. 1997ರ ಬಿಕ್ಕಟ್ಟಿನ ನಂತರ ಅಲ್ಲಿ ತೆರಿಗೆ ರಿಯಾಯಿತಿ ಕೊಟ್ಟು ಕಾರ್ಡ್ ಬಳಕೆ ಬೆಳೆಸಿದರು. ಒಂದು ಕಾರ್ಡಿನಿಂದ ನಗದು ತೆಗೆದು ಇನ್ನೊಂದರ ಬಿಲ್ ಕಟ್ಟುವವರು ಹೆಚ್ಚಿದರು. 2003ರಲ್ಲಿ ಅದು ಕುಸಿದು, ಎಲ್‌ಜಿ ಕಾರ್ಡ್ ಕಂಪನಿಯನ್ನೇ ಸಾಲ ಕೊಟ್ಟವರು ಸೇರಿ ಉಳಿಸಬೇಕಾಯ್ತು.

ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು. ಕೆಲಸ ಹೋದರೆ ಮೊದಲ ಬಿಲ್ ತಪ್ಪುವ ಮುಂಚೆಯೇ ಫೋನ್ ಮಾಡಿ, ಕಂತು ಮಾಡಿಕೊಡಿ ಅಂತ ಕೇಳಿ. ಮೂರನೇ ಬಕೆಟ್‌ಗೆ ಬಂದವರ ಫೈಲ್ ಬೇರೆ ತಂಡಕ್ಕೆ ಹೋಗಿರುತ್ತಿತ್ತು, ಆಗ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿಯುತ್ತಿರಲಿಲ್ಲ. ಮಿನಿಮಮ್ ಡ್ಯೂ ನಂಬಬೇಡಿ. ತಿಂಗಳಿಗೆ ಶೇ 3 ಬಡ್ಡಿ ಇದ್ದು ನೀವು ಶೇ 5 ಕಟ್ಟಿದರೆ, ಅಸಲು ಕರಗುವುದು ಶೇ 2 ಮಾತ್ರ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಇವತ್ತೇ ಫೋನ್ ಮಾಡಿದೆ. ಲಿಮಿಟ್ ವಾಪಸ್ ಕೊಡಲಿಲ್ಲ. ಇದ್ದ ಬಾಕಿಯನ್ನು ಕಡಿಮೆ ಬಡ್ಡಿಯ ಆರು ಕಂತು ಮಾಡಿಕೊಟ್ಟರು. ಮೂರ್ನಾಲ್ಕು ತಿಂಗಳ ಲೆಕ್ಕವನ್ನು ಈಗ ಕಾರ್ಡ್ ಬಿಟ್ಟು ಮತ್ತೆ ಬರೆಯುತ್ತಿದ್ದೇನೆ. ಸದ್ಯಕ್ಕೆ ಏಳು ವಾರಕ್ಕೆ ಸಾಕಾಗುವಷ್ಟಿದೆ.